ಗಂಜಿಯಿಲ್ಲದ ಪ್ರನಾಳ

ನಾನು ಒಂದು ಪ್ರನಾಳ. ಬೆಂಕಿಯಲ್ಲಿ ಕರಗಿದ ಗಾಜಿನಿಂದ ಹುಟ್ಟಿದವನು. ಒಡೆದುಹೋಗುವ ಭಯ ನನಗೆ ಹುಟ್ಟಿನಿಂದಲೇ ಬಂದದ್ದು. ಹುಲ್ಲಿನಲ್ಲಿ ಸುತ್ತಿ ತಂದು ಚಾಮರಾಜನಗರದ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಸೇರಿಸಿದರು. ಅಲ್ಲಿ ನನ್ನನ್ನು ತೊಳೆಯುವವನು ಅಟೆಂಡರ್ ಜಡೆಯ. ಬಿಳಿಗಿರಿ ಬೆಟ್ಟದವನು, ಅವ್ವನೆಂದರೆ ಪ್ರಾಣ. ಅವ್ವ ಬೇದಮ್ಮನಿಗೆ ಸಕ್ಕರೆ ಕಾಯಿಲೆ.

ಒಂದು ದಿನ ಸುನಂದಾ ಮೇಡಂ ಬೆಟ್ಟದ ಕಾಡುನೇರಳೆಯ ಪರೀಕ್ಷೆ ಶುರು ಮಾಡಿದರು. ಎಂಜಲಿನ ಕಿಣ್ವ ಗಂಜಿಯನ್ನು, ಅಂದರೆ ಪಿಷ್ಟವನ್ನು, ಸಕ್ಕರೆಯಾಗಿಸುತ್ತದೆ. ಹಣ್ಣಿನ ಬಣ್ಣ ಆ ಕಿಣ್ವವನ್ನು ತಡೆದರೆ ಗಂಜಿ ಹಾಗೇ ಉಳಿಯುತ್ತದೆ, ಸಕ್ಕರೆ ಏರುವುದಿಲ್ಲ. ಉಳಿದ ಗಂಜಿಗೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. "ಗಂಜಿಯಿಲ್ಲದ, ಬರೀ ಹಣ್ಣಿನ ರಸದ ಪ್ರನಾಳವನ್ನೂ ಪಕ್ಕದಲ್ಲಿಡು ಜಡೆಯ, ಹೋಲಿಸಿ ನೋಡಬೇಕು" ಎಂದು ಹೇಳಿ ಮೇಡಂ ಪಾಠಕ್ಕೆ ಹೋದರು. ಅದಕ್ಕಿಟ್ಟ ಪ್ರನಾಳ ಒಡೆದಿತ್ತು. ಒಂದಿಲ್ಲದಿದ್ದರೆ ಏನು ಮಹಾ ಎಂದು ಜಡೆಯ ಸುಮ್ಮನಾದ.

ಗಂಜಿ, ಎಂಜಲು, ಹಣ್ಣಿನ ರಸ ನನ್ನೊಳಗೆ ಸುರಿದು ಅಯೋಡಿನ್ ಬಿಟ್ಟ. ಕಡುನೀಲಿ ನಿಂತಿತು. ಜಡೆಯ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಕುಣಿದಾಡಿದ. ಫೋನು ಹಚ್ಚಿದ. "ಅವ್ವಾ, ನಮ್ ಬೆಟ್ಟದ ನೇರ್ಲೆನೇ ಮದ್ದು ಕನವ್ವಾ! ಆ ಮಾತ್ರೆ ಬುಟ್ಟಾಕು!"

ನನ್ನ ಎದೆ ಝಲ್ಲೆಂದಿತು. ಗಾಜಿಗೆಲ್ಲಿಯ ಎದೆ ಎನ್ನಬೇಡಿ. ಭಯಕ್ಕೆ ಎಲ್ಲಾದರೂ ಜಾಗ ಸಿಗುತ್ತದೆ. ಆ ನೀಲಿಯಲ್ಲಿ ಗಂಜಿಯದೆಷ್ಟು, ಹಣ್ಣಿನದೇ ಎಷ್ಟು ಎಂದು ನನಗೇ ತಿಳಿದಿರಲಿಲ್ಲ. ಹೇಳೋಣವೆಂದರೆ ಬಾಯಿದ್ದೂ ಮೂಗ ನಾನು. ಮೇಡಂ ಬಂದು, "ಹೋಲಿಸದೆ ಇದು ಲೆಕ್ಕಕ್ಕಿಲ್ಲ. ಬಿಡುವಾಗಲಿ, ಮತ್ತೆ ಮಾಡೋಣ" ಎಂದರು. ಜಡೆಯ ತಲೆಯಾಡಿಸಿದ. ಫೋನಿನ ವಿಷಯ ಹೇಳಲಿಲ್ಲ.

ಎರಡು ತಿಂಗಳು ಕಳೆಯಿತು. ನನ್ನನ್ನು ಉಜ್ಜುವುದನ್ನು ಬಿಟ್ಟು ಜಡೆಯ ಅವ್ವನಿಗೆ ಫೋನು ಹಚ್ಚಿದ.

"ಕಾಲ್ನ ಗಾಯ ಇನ್ನೂವೆ ಮಾಯ್ನಿಲ್ವವ್ವಾ? ನೇರ್ಲೆ ರಸ ಕುಡೀತಿದ್ದೀಯ ತಾನೆ?"

"ಕುಡೀತಾವ್ನಿ ಕನ ಮಗ. ಕಾಲ್ಬೆರಳು ಕರ್ರಗಾಗ್ಬುಟ್ಟದ" ಎಂದಿತು ಫೋನಿನೊಳಗಿನ ದನಿ.

ಫೋನಿಟ್ಟವನೇ ಜಡೆಯ ನನ್ನೊಳಗೆ ಬರಿಯ ನೇರಳೆ ರಸ ಸುರಿದ. ಗಂಜಿ ಹಾಕಲಿಲ್ಲ. ಅಯೋಡಿನ್ ಬಿಟ್ಟು ಬೆಳಕಿಗೆ ಹಿಡಿದ. ಅದೇ ಬಣ್ಣ! ಅಂದು ಅವನು ಕಂಡದ್ದು ಬಹುಪಾಲು ಹಣ್ಣಿನ ಬಣ್ಣವನ್ನೇ. ಅವನ ಕೈಜಾರಿ ನಾನು ಸಿಂಕಿಗೆ ಬಿದ್ದೆ, ಬಾಯಂಚು ಮುರಿಯಿತು. "ಅಯ್ಯೋ ನನ್ನವ್ವಾ" ಎಂದವನೇ ಬಸ್ಸಿಗೆ ಓಡಿದ.

ಬೇದಮ್ಮ ಉಳಿದಳು. ಕಾಲಿನ ಎರಡು ಬೆರಳು ಉಳಿಯಲಿಲ್ಲ.

ಆಮೇಲೆ ಮೇಡಂ ಸರಿಯಾಗಿ ಪರೀಕ್ಷೆ ಮಾಡಿದರು. ಹಣ್ಣಿನ ಬಣ್ಣ ಕಿಣ್ವವನ್ನು ಕೊಂಚ ತಡೆದದ್ದು ನಿಜವೇ. "ಆದರೆ ಇದು ಗಾಜು, ಜಡೆಯ. ಹೊಟ್ಟೆಯಲ್ಲ" ಎಂದರು.

ನನಗೀಗ ವಯಸ್ಸಾಗಿದೆ. ಮುರುಕು ಬಾಯಿಯ ನನ್ನನ್ನು ಎಸೆಯಲು ಹೊರಟಾಗ ಜಡೆಯ, "ಇದಿರ್ಲಿ ಮೇಡಮ್ಮೋರೆ" ಎಂದು ಕೇಳಿ ಉಳಿಸಿಕೊಂಡ. ಈಗ ಪ್ರತಿ ಪರೀಕ್ಷೆಯಲ್ಲೂ ಗಂಜಿಯಿಲ್ಲದ ಪ್ರನಾಳ ನಾನೇ. ಮೊದಲು ನನ್ನನ್ನೇ ಬೆಳಕಿಗೆ ಹಿಡಿಯುತ್ತಾನೆ. ಅವನಿಗೂ ಭಯ, ನನಗೂ ಭಯ. ಈ ಭಯ ಅವನಿಗೆ ಅಂದೇ ಇದ್ದಿದ್ದರೆ ಬೇದಮ್ಮನ ಕಾಲಿಗೆ ಐದು ಬೆರಳೂ ಇರುತ್ತಿದ್ದವು.