ಉಂಡವರು ನೀರಿಗಿಳಿಯಬಾರದು

ಆಗಸ್ಟ್ ಬಂತೆಂದರೆ ನಾವು ಬೆಟ್ಟದೂರಿನಿಂದ ಶಿಲ್ಲಾದ ಕಡಲಿಗೆ ಇಳಿಯುತ್ತೇವೆ. ಅದೇ ಬಾಡಿಗೆ ಕೋಣೆ, ಅದೇ ನೀಲಿ ಛತ್ರಿ, ಅದೇ ನನ್ನ ಅತ್ತೆ ಡೊನಾಟಾ. ಹಳೇ ಕೋಟೆ ನಿಂತಿರುವ ಬಂಡೆಯ ಕೆಳಗೆ ಕಡಲು ಎಷ್ಟು ಚೆಂದವಿದ್ದರೇನು, ಮಧ್ಯಾಹ್ನ ಊಟವಾದ ಮೇಲೆ ಮೂರು ಗಂಟೆಗಳ ಕಾಲ ಯಾರೂ ನೀರು ಮುಟ್ಟುವಂತಿಲ್ಲ. ಇದು ಅತ್ತೆಯೊಬ್ಬಳ ಕಾಯಿದೆಯಲ್ಲ, ಇಡೀ ತೀರದ್ದು. ಉಂಡು ಇಳಿದವರು ಹೊಟ್ಟೆ ಹಿಡಿದುಕೊಂಡು ಕಲ್ಲಿನಂತೆ ಮುಳುಗುತ್ತಾರೆ ಎಂಬುದನ್ನು ತಾಯಿಹಾಲಿನ ಜೊತೆಗೇ ಕುಡಿದು ಬೆಳೆದವರು ನಾವು. ಅತ್ತೆಯ ತಮ್ಮ ಹಾಗೇ ಹೋದನಂತೆ.

ಆ ದಿನವೂ ಅತ್ತೆ ಮರಳಿನ ಮೇಲೆ ಛತ್ರಿಯ ಕೆಳಗೇ ಬದನೆಕಾಯಿ ಹಾಕಿ ಬೇಯಿಸಿದ ಪಾಸ್ತಾ ಬಡಿಸಿದಳು. ನನ್ನ ಗಂಡ ರೊಸಾರಿಯೊ ಎರಡು ಸಲ ಹಾಕಿಸಿಕೊಂಡ. ತೀರ ಕಾಯುವವನೂ ಊಟಕ್ಕೆ ಹೋಗಿದ್ದ. ಎಲ್ಲರ ಕಣ್ಣೂ ಎಳೆಯುತ್ತಿತ್ತು.

"ಅಪ್ಪಾ!"

ಎದ್ದು ನೋಡಿದರೆ ನನ್ನ ಒಂಬತ್ತು ವರ್ಷದ ನೀವೆಸ್ ಗಾಳಿ ತುಂಬಿದ ರಬ್ಬರ್ ಹಾಸಿಗೆಯ ಮೇಲೆ ಕಡಲಲ್ಲಿದ್ದಳು. ಯಾವಾಗ ಜಾರಿಕೊಂಡಳೋ. ಇಲ್ಲಿನ ಸೆಳೆತ ಕೆಟ್ಟದ್ದು. ನೋಡನೋಡುತ್ತ ಅವಳು ದೂರವಾಗುತ್ತಿದ್ದಳು.

ಕೊರಳುದ್ದ ನೀರಿನ ತನಕ ಓಡಿದೆ. ಬೆಟ್ಟದ ಹೆಣ್ಣು, ನನಗೆ ಈಜು ಬಾರದು. ಬಾಯಿಗೆ ಉಪ್ಪುನೀರು ನುಗ್ಗಿತು. ತಿರುಗಿ ಬಂದು ಕಿರುಚಿದೆ, "ರೊಸಾರಿಯೊ, ಹೋಗೋ!"

ಕಾಲೇಜಿನಲ್ಲಿ ಈಜಿಗೆ ಪದಕ ಗೆದ್ದವನು ಮೊಣಕಾಲುದ್ದ ನೀರಿಗೆ ಬಂದು ನಿಂತುಬಿಟ್ಟ. ಹಿಂದಿನಿಂದ ಅತ್ತೆ ಅವನ ತೋಳು ಹಿಡಿದಿದ್ದಳು.

"ಈಗಷ್ಟೇ ಉಂಡಿದ್ದೀಯಲ್ಲೋ! ಇಬ್ರೂ ಹೋಗ್ತೀರಿ!"

"ಬಿಡಿ ಅತ್ತೆ, ಅವಳು ನನ್ನ ಮಗಳು!"

"ಇವನು ನನ್ನ ಮಗ ಕಣೇ!"

ಆ ಮುದಿ ಕೈಯನ್ನು ಕೊಡವಿಕೊಳ್ಳುವುದು ಅವನಿಗೆ ಎಷ್ಟರ ಮಾತು? ಕೊಡವಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುತ್ತ ನೋಡಿ ಕೂಗಿದ, "ಊಟ ಮಾಡ್ದೇ ಇರೋರು ಯಾರಾದ್ರೂ ಇದ್ದೀರಾ?"

ಛತ್ರಿಗಳ ಕೆಳಗಿಂದ ಗಂಡಸರು ಎದ್ದು ಬಂದರು. "ನಾನು ಈಗ ತಾನೇ ಕಲ್ಲಂಗಡಿ ತಿಂದೆ ಕಣಮ್ಮ," ಎಂದ ಒಬ್ಬ ದಡಿಯ. "ಬರೀ ಕಲ್ಲಂಗಡಿ ಆದ್ರೆ ಪರವಾಗಿಲ್ವೇನೋ," ಎಂದು ಅವನ ಹೆಂಡತಿ ಯೋಚಿಸತೊಡಗಿದಳು. ಇವರೆಲ್ಲರ ಹೊಟ್ಟೆಗೆ ಬೆಂಕಿ ಬೀಳಲಿ ಎಂದು ಶಪಿಸಿದೆ. ಆದರೂ, ರೊಸಾರಿಯೊ ಮುಳುಗಿಬಿಟ್ಟರೆ ಎಂದು ಒಂದು ಗಳಿಗೆ ನನಗೂ ಭಯವಾಯಿತು.

ಅಷ್ಟರಲ್ಲಿ ಹಾಸಿಗೆ ಮಗುಚಿತು. ಅದರ ಅಂಚಿಗೆ ಜೋತುಬಿದ್ದ ಮಗುವಿನ ತಲೆಯಷ್ಟೇ ಕಂಡಿತು.

ಅತ್ತೆ ಮಗನ ತೋಳು ಬಿಟ್ಟಳು. "ನಾನು ಉಂಡಿಲ್ಲ," ಎಂದಳು.

ನಿಜ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಉಟ್ಟ ಕಪ್ಪು ಬಟ್ಟೆಯಲ್ಲೇ ನೀರಿಗೆ ಬಿದ್ದಳು. ಎಪ್ಪತ್ತು ದಾಟಿದ ಮುದುಕಿ, ಬೆಸ್ತರ ಮನೆಯ ಮಗಳು, ಕೈ ಬೀಸಿ ಬೀಸಿ ಹಾಸಿಗೆಯ ತನಕ ಹೋಗಿಯೇ ಹೋದಳು. ಮಗು ಅವಳ ಕೊರಳು ತಬ್ಬಿತು. ಆಮೇಲೆ ಇಬ್ಬರೂ ಒಟ್ಟಿಗೇ ಮುಳುಗಿದರು.

"ಅಮ್ಮಾ!" ಎಂದು ಚೀರಿದ ರೊಸಾರಿಯೊ ಆಗಲೇ ನೀರಿನಲ್ಲಿದ್ದ. ಎಷ್ಟು ಬೇಗ ಹೋದ! ಇಬ್ಬರನ್ನೂ ಎಳೆದು ತಂದ. ಹೊಟ್ಟೆ ಹಿಡಿದುಕೊಳ್ಳಲಿಲ್ಲ, ಏನೂ ಆಗಲಿಲ್ಲ.

ಮರಳಿನ ಮೇಲೆ ಉಪ್ಪುನೀರು ಕಾರುತ್ತಲೇ ಅತ್ತೆ ಬೈದಳು, "ದಡ್ಡ ಮುಂಡೇದೆ, ಉಂಡಿದ್ದು ನೆನಪಿರ್ಲಿಲ್ವಾ?"

"ಮರೆತೇಹೋಯ್ತಮ್ಮ," ಎಂದ, ಅವಳ ಕಾಲು ಹಿಡಿದು ಅಳುತ್ತ.

ಜನ ಚಪ್ಪಾಳೆ ತಟ್ಟಿದರು. ನೀವೆಸ್ ನನ್ನ ತೊಡೆಯ ಮೇಲೆ ನಡುಗುತ್ತ ಅಪ್ಪನನ್ನೇ ನೋಡುತ್ತಿದ್ದಳು.

"ಅಮ್ಮ, ನಾನು ಕೂಗಿದ್ದು ಅಪ್ಪಂಗೆ ಕೇಳಿಸ್ಲಿಲ್ವಾ?"

"ಇಲ್ಲ ಪುಟ್ಟಿ, ಕೇಳಿಸ್ಲಿಲ್ಲ," ಎಂದು ಸುಳ್ಳು ಹೇಳಿದೆ.