ಎಡಗೈ ಕತ್ತರಿ

ಚಿತ್ರದುರ್ಗದಲ್ಲಿ ಜಪಾನ್ ಅಂಗಡಿ ತೆರೆದ ಸುದ್ದಿ ಹೊಸದುರ್ಗಕ್ಕೆ ಆಟೋದಲ್ಲಿ ಬಂತು. ಮೈಕು ಕಟ್ಟಿಕೊಂಡ ಆಟೋ ಮೂರು ದಿನ ಬೀದಿ ಬೀದಿ ಸುತ್ತಿ, "ಮನೆಗೆ ಬೇಕಾದ ಸಕಲ ವಸ್ತು, ಜಪಾನ್ ಮಾದರಿಯಲ್ಲಿ" ಎಂದು ಕೂಗಿ ಗುಲಾಬಿ ಬಣ್ಣದ ಕರಪತ್ರ ಎಸೆದು ಹೋಯಿತು. ಅದು 2008ರ ಬೇಸಿಗೆ. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಸ್ವಾತಿ ಅಮ್ಮನ ಬೆನ್ನು ಬಿದ್ದಳು. ಅವಳ ಗೆಳತಿಯರಲ್ಲಿ ಇಬ್ಬರು ಆಗಲೇ ಹೋಗಿ ಬಂದಿದ್ದರು.

ಅಮ್ಮ ಉಷಾರಾಣಿಗೆ ಮದುವೆ ಸೀಸನ್ನಿನ ಬ್ಲೌಸುಗಳು ರಾಶಿ ಬಿದ್ದಿದ್ದವು. ಆದರೆ ಹಾಲುರಾಮೇಶ್ವರದ ಕಡೆಯ ಹಳ್ಳಿಯಿಂದ ಅವಳ ತಾಯಿ ನಿಂಗಕ್ಕ ಬಂದಿದ್ದಳು. ಅವಳ ಕಣ್ಣು ತೋರಿಸಲು ಚಿತ್ರದುರ್ಗಕ್ಕೆ ಹೇಗೂ ಹೋಗಬೇಕಿತ್ತು. "ಡಾಕ್ಟ್ರ ಹತ್ರ ಮುಗಿಸ್ಕೊಂಡು ಒಂದು ಗಳಿಗೆ ಹೋಗಾಣ" ಎಂದು ಉಷಾರಾಣಿ ಒಪ್ಪಿದಳು. ಮೂವರೂ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿದರು.

ಕಣ್ಣಿನ ಆಸ್ಪತ್ರೆಯಿಂದ ಹೊರಬಂದಾಗ ಮಧ್ಯಾಹ್ನವಾಗಿತ್ತು. ಅಂಗಡಿಯ ಗಾಜಿನ ಬಾಗಿಲು ದೂಡಿದರೆ ಒಳಗೆಲ್ಲ ತಂಪು. ನೀಲಿ ಏಪ್ರನ್ ತೊಟ್ಟ ಹುಡುಗಿಯೊಬ್ಬಳು ನಡು ಬಾಗಿಸಿ ಏನೋ ಉದ್ದನೆಯ ಮಾತೊಂದನ್ನು ಹೇಳಿದಳು.

"ಏನಂದ್ಯವ್ವ?" ನಿಂಗಕ್ಕ ಕೇಳಿದಳು.

"ಬರ್ರಿ ಅಂದೆ ಅಜ್ಜಿ. ಜಪಾನಿನಾಗೆ ಹಿಂಗೇ ಅಂತಾರಂತೆ, ಕಲಿಸ್ಯಾರೆ" ಎಂದು ಹುಡುಗಿ ನಕ್ಕಳು. ಭೀಮಸಮುದ್ರದವಳು, ಹೆಸರು ರೇಣುಕಾ.

ಒಂದರೊಳಗೊಂದು ಕೂರುವ ಡಬ್ಬಿಗಳು, ಮಡಚಿದರೆ ಅಂಗೈಯಷ್ಟೇ ಆಗುವ ಕೊಡೆ, ಶುಂಠಿ ತುರಿಯಲು ಮುಳ್ಳು ಮುಳ್ಳಾದ ಪಿಂಗಾಣಿ ತಟ್ಟೆ. ಸ್ವಾತಿ ಕೊಡೆಗಳ ಹತ್ತಿರವೇ ನಿಂತುಬಿಟ್ಟಳು. ಸ್ನಾನಕ್ಕೆ ಕೂರುವ ಮರದ ಮಣೆ ನೋಡಿ ನಿಂಗಕ್ಕ, "ಇದಕ್ಕೆ ಬಸ್ಸಿಗೆ ಬರಬೇಕಿತ್ತೇನೆ, ನಮ್ಮ ಬಚ್ಚಲಾಗೇ ಐತೆ" ಎಂದಳು.

ಹೊಲಿಗೆ ಸಾಮಾನಿನ ಮೂಲೆಯಲ್ಲಿ ಉಷಾರಾಣಿ ಕತ್ತರಿಯೊಂದನ್ನು ಎತ್ತಿಕೊಂಡಳು. ಎತ್ತಿಕೊಂಡದ್ದು ಎಡಗೈಯಲ್ಲಿ. ಬೆರಳುಗಳು ಹಿಡಿಯೊಳಗೆ ಹಾಗೇ ಜಾರಿ ಕೂತವು, ಎಲ್ಲೂ ಒತ್ತಲಿಲ್ಲ. ಆಶ್ಚರ್ಯದಿಂದ ತಿರುಗಿಸಿ ನೋಡಿದಳು. ಅದಕ್ಕೆ ಕಟ್ಟಿದ್ದ ರಟ್ಟಿನ ಚೀಟಿಯ ಮೇಲೆ ಎಡಗೈಯ ಚಿತ್ರವಿತ್ತು.

ಉಷಾರಾಣಿ ಹುಟ್ಟು ಎಡಚಿ. ಐದು ವರ್ಷದವಳಿದ್ದಾಗ ಮದುವೆಯ ಪಂಕ್ತಿಯೊಂದರಲ್ಲಿ ಎಡಗೈಯಿಂದ ತುತ್ತು ಬಾಯಿಗಿಟ್ಟಳೆಂದು ಪಕ್ಕದಲ್ಲಿದ್ದ ಅವಳ ತಂದೆಯ ತಾಯಿ ಎಲೆ ಬಿಟ್ಟು ಎದ್ದಿದ್ದಳು. ಮರುದಿನದಿಂದ ನಿಂಗಕ್ಕ ಹಳೆ ಸೀರೆಯ ಅಂಚು ಹರಿದು ಮಗಳ ಎಡಗೈಯನ್ನು ಸೊಂಟಕ್ಕೆ ಕಟ್ಟತೊಡಗಿದಳು. ಒಂದು ವರ್ಷ ಹಾಗೇ. ಊಟ, ಬರಹ ಬಲಗೈಗೆ ಬಂದವು. ಕತ್ತರಿ ಮಾತ್ರ ಬರಲಿಲ್ಲ. ಟೈಲರಿಂಗ್ ಕಲಿತಾಗ ಎಡಗೈಯಲ್ಲೇ ಕತ್ತರಿಸಿದಳು. ಬಲಗೈಗೆಂದೇ ಮಾಡಿದ ಕತ್ತರಿಯ ಅಲಗು, ಕತ್ತರಿಸಬೇಕಾದ ಗೆರೆಯನ್ನು ಮುಚ್ಚುತ್ತಿತ್ತು. ಕತ್ತು ವಾಲಿಸಿ, ಆಚೆಯಿಂದ ಇಣುಕಿ ನೋಡಬೇಕು. ಬಟ್ಟೆ ಹರಿಯಬೇಕೆಂದರೆ ಹೆಬ್ಬೆರಳಿನಿಂದ ಒಳಕ್ಕೆ ಅದುಮಬೇಕು. ಹದಿನೆಂಟು ವರ್ಷದಲ್ಲಿ ಹೆಬ್ಬೆರಳು ಗಂಟುಗಟ್ಟಿತ್ತು, ಕತ್ತು ನೋವು ಖಾಯಂ ಆಗಿತ್ತು. ಗಿರಾಕಿಗಳು ಕಂಡರೆ ಬ್ಲೌಸಿಗೆ ಅಪಶಕುನ ಅಂದಾರೆಂದು ನಿಂಗಕ್ಕನೇ ಹೇಳಿದ್ದರಿಂದ ಅವಳು ಕತ್ತರಿಸುತ್ತಿದ್ದದ್ದು ಅಡುಗೆಮನೆಯಲ್ಲಿ.

ರೇಣುಕಾ ಒಂದು ಚೂರು ಬಟ್ಟೆ ತಂದುಕೊಟ್ಟಳು. "ನೋಡ್ರಿ ಅಕ್ಕ, ಕತ್ತರಿಸಿ ನೋಡ್ರಿ."

ಉಷಾರಾಣಿ ರೂಢಿಯಂತೆ ಹೆಬ್ಬೆರಳನ್ನು ಒಳಕ್ಕೆ ಅದುಮಿದಳು. ಬಟ್ಟೆ ಹರಿಯದೆ ಅಲಗುಗಳ ನಡುವೆ ಮಡಚಿಕೊಂಡಿತು. ಮತ್ತೆ ಅದುಮಿದಳು, ಮತ್ತೆ ಅದೇ. ಮುಖ ಬಿಸಿಯಾಯಿತು.

"ಅಕ್ಕ, ಒತ್ತಬ್ಯಾಡ್ರಿ. ಸುಮ್ನೆ ಬಿಡ್ರಿ ಕೈನ" ಎಂದಳು ಹುಡುಗಿ.

ಕೈಯನ್ನು ಸಡಿಲ ಬಿಟ್ಟಾಗ ಅಲಗು ಸರಕ್ಕನೆ ಓಡಿತು. ಕತ್ತು ನೆಟ್ಟಗೇ ಇತ್ತು. ಗೆರೆ ಕಣ್ಣೆದುರೇ ಕಾಣುತ್ತಿತ್ತು.

ನಿಂಗಕ್ಕ ಹತ್ತಿರ ಬಂದಳು. "ಎಡಗೈಗೆ ಅಂತ್ಲೇ ಮಾಡ್ಯಾರಾ ಇದನ್ನ?"

"ಹೂಂ ಅಜ್ಜಿ."

"ಆ ದೇಶದಾಗೆ ಎಡಚರು ಬಾಳ ಅದಾರಾ?"

"ಎಲ್ಲಾ ಕಡೆ ಇದ್ದಷ್ಟೇ ಇರ್ತಾರೆ ಅಜ್ಜಿ. ನಮ್ಮ ಅಪ್ಪನೂ ಎಡಚನೇ."

ಉಷಾರಾಣಿಗೆ ಸಂತೋಷವಾಗಬೇಕಿತ್ತು. ಆದರೆ ಎದೆಯೊಳಗೆ ಎದ್ದದ್ದು ಸಿಟ್ಟು. ಕತ್ತರಿಯನ್ನು ಇದ್ದಲ್ಲೇ ಇಟ್ಟಳು.

"ತಗೊಳ್ಳೇ" ಎಂದಳು ನಿಂಗಕ್ಕ.

"ಬ್ಯಾಡ ಬಿಡವ್ವ. ಕೈ ಆಗ್ಲೇ ತಪ್ಪು ಕಲ್ತುಬಿಟ್ಟೈತೆ. ಈಗ್ಯಾಕೆ?"

"ನಾನು ಹೇಳ್ತೀನಲ್ಲ, ತಗ."

"ನೀನು ಹೇಳಿದ್ದೆಲ್ಲ ಕೇಳಿದೀನಿ. ಇದೊಂದು ಬಿಡು."

ಮಾತು ಜೋರಾಗಿರಲಿಲ್ಲ. ಆದರೂ ಕೊಡೆ ಹಿಡಿದು ಬಂದ ಸ್ವಾತಿ ಅಲ್ಲೇ ನಿಂತಳು. ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ಅವಳು ಇದುವರೆಗೆ ಕೇಳಿರಲಿಲ್ಲ. ನಿಂಗಕ್ಕ ಮಗಳ ಕಡೆ ನೋಡದೆ ಕತ್ತರಿಯನ್ನು ಎತ್ತಿಕೊಂಡು ತಾನೇ ಕೌಂಟರಿಗೆ ನಡೆದಳು.

ಬಸ್ಸಿನಲ್ಲಿ ಸ್ವಾತಿ ಮುಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ ನಿಂಗಕ್ಕ ಬಾಯಿಬಿಟ್ಟಳು.

"ಕತ್ತು ನೋವು ಅಂತ ಎಷ್ಟು ವರ್ಷದಿಂದ ಅಂತಿದ್ದೆ. ಇದರಿಂದ ಅಂತ ಯಾಕೆ ಹೇಳ್ಲಿಲ್ಲ?"

"ನಂಗೇ ಗೊತ್ತಿರ್ಲಿಲ್ಲವ್ವ. ಕತ್ರೀದು ತಪ್ಪು ಅಂತ ಯಾರಿಗೆ ಗೊತ್ತು? ನನ್ನ ಕೈದೇ ತಪ್ಪು ಅನ್ಕಂಡಿದ್ದೆ."

ನಿಂಗಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆವತ್ತು ನಮ್ಮತ್ತೆ ಎಲೆ ಬಿಟ್ಟು ಎದ್ದಾಗ ನಂಗೆ ಇಪ್ಪತ್ತೊಂದು ವರ್ಷ. ನಿನ್ನ ಯಾರೂ ಹಂಗೆ ನೋಡಬಾರದು ಅಂತ ಕಟ್ಟಿದೆ. ನೀನು ಅಳ್ತಿದ್ದೆ. ನಾನು ಹಿತ್ತಲಿಗೆ ಹೋಗಿ ನಿಂತ್ಕಂತಿದ್ದೆ."

ಅಮ್ಮ ಅಂದು ಹಿತ್ತಲಿನಲ್ಲಿ ಇದ್ದಳೆಂಬುದು ಉಷಾರಾಣಿಗೆ ತಿಳಿದಿರಲಿಲ್ಲ. ತನ್ನನ್ನು ಒಬ್ಬಳನ್ನೇ ಬಿಟ್ಟು ಹೋದಳೆಂದಷ್ಟೇ ನೆನಪಿತ್ತು.

ಹೊಸ ಕತ್ತರಿ ಸುಲಭಕ್ಕೆ ಬಗ್ಗಲಿಲ್ಲ. ಹೆಬ್ಬೆರಳು ಹಳೆ ಚಾಳಿ ಬಿಡದೆ ಅದುಮುತ್ತಲೇ ಇತ್ತು. ಮೊದಲ ವಾರವೇ ಗಿರಾಕಿ ಅನ್ನಪೂರ್ಣಮ್ಮನ ರೇಷ್ಮೆ ಬ್ಲೌಸಿನ ತೋಳು ಹಾಳಾಯಿತು. ಅದೇ ಬಣ್ಣದ ತುಂಡಿಗಾಗಿ ನಾಲ್ಕು ಅಂಗಡಿ ಅಲೆಯಬೇಕಾಯಿತು. ಮೂರು ಸಲ ಹಳೆ ಕತ್ತರಿಗೇ ಹಿಂತಿರುಗಿದಳು. ಊರಿಗೆ ಹೋಗಬೇಕಿದ್ದ ನಿಂಗಕ್ಕ ಹೋಗದೆ, ಹರಕು ಸೀರೆ, ಹಳೆ ಲಂಗಗಳನ್ನೆಲ್ಲ ಹುಡುಕಿ ತಂದು, "ಇದರ ಮೇಲೆ ಕತ್ತರ್ಸು" ಎಂದು ಮುಂದೆ ಹಾಕುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಕೈ ಸಡಿಲವಾಯಿತು. ಎದ್ದ ಕೂಡಲೇ ಹಿಡಿದುಕೊಳ್ಳುತ್ತಿದ್ದ ಕತ್ತು ಒಂದು ಬೆಳಿಗ್ಗೆ ಹಿಡಿಯಲಿಲ್ಲ. ಅದು ಅವಳ ಗಮನಕ್ಕೆ ಬಂದದ್ದು ಮಧ್ಯಾಹ್ನ.

ಅದೇ ವಾರ ಅನ್ನಪೂರ್ಣಮ್ಮ ತೋಳು ಸರಿಯಾದ ಬ್ಲೌಸು ಒಯ್ಯಲು ಬಂದಳು. ಉಷಾರಾಣಿ ಈಗ ಅಡುಗೆಮನೆ ಬಿಟ್ಟು ಮುಂದಿನ ಕೋಣೆಯಲ್ಲೇ ಚಾಪೆ ಹಾಸಿ ಕತ್ತರಿಸುತ್ತಿದ್ದಳು.

"ಅಯ್ಯೋ, ಎಡಗೈಯಾಗೆ ಕತ್ತರಿಸ್ತೀರಾ?" ಎಂದಳು ಅನ್ನಪೂರ್ಣಮ್ಮ.

ಉಷಾರಾಣಿ ಬಾಯಿ ತೆರೆಯುವ ಮೊದಲೇ ನಿಂಗಕ್ಕ, "ಹೌದವ್ವ, ನನ್ನ ಮಗಳು ಎಡಚಿ. ಚಿಕ್ಕೋಳಿದ್ದಾಗಿಂದ್ಲೂ. ಕುಂತ್ಕಳ್ರಿ, ಚಾ ಮಾಡ್ತೀನಿ" ಎಂದು ಎದ್ದಳು.

ಸಿಟ್ಟು ಪೂರ್ತಿ ಹೋಯಿತೆಂದು ಉಷಾರಾಣಿ ಹೇಳಲಾರಳು. ಆದರೆ ಆ ಸಂಜೆ ನಿಂಗಕ್ಕ ಊರಿಗೆ ಹೊರಡುವ ಮಾತೆತ್ತಿದಾಗ, "ಇನ್ನೆರಡು ದಿನ ಇರವ್ವ" ಎಂದವಳು ಅವಳೇ.