ಪ್ಲೇಟು ತೆಗೆದ ವಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ದಿನವಿಡೀ ಡೀಸೆಲ್ ಹೊಗೆ ಕುಡಿಯುವ ಮೂಗಿನ ತುದಿಯಲ್ಲಿ ಇನ್ನೇನು ಸಂಪಿಗೆ ಅರಳುತ್ತದೆಯೇ?

ನಾನು ಮೆಕ್ಯಾನಿಕ್. ಕೆಲಸ ಕಲಿಸಿದವರು ನನ್ನ ಮಾವ, ಗಂಡನ ಅಪ್ಪ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿದ್ದಾನೆ. ಗ್ರೀಸ್ ಕಂಡರೆ ಮಾರು ದೂರ ಹಾರುತ್ತಾನೆ. ಮಗನಿಗೆ ಒಲಿಯದ ವಿದ್ಯೆ ಸೊಸೆಗೆ ಒಲಿಯಿತು ಎಂದು ಮಾವ ಕಂಡಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಹೆಚ್ಚುಕಡಿಮೆಯಾದದ್ದು ಆ ಒಂದು ವಾರವೇ.

ಸೋಮವಾರ ಬೆಳಿಗ್ಗೆ ನನ್ನ ಅಕ್ಕ ತನ್ನ ವ್ಯಾನನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದಳು. ಎಂಟು ವರ್ಷದಿಂದ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಅದು. ಹದಿನಾಲ್ಕು ಮಕ್ಕಳು. ಯಾರಿಗೆ ಯಾವ ಸೀಟು, ಯಾರಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ.

"ಫೇಲು," ಎಂದಳು. "ಪರೀಕ್ಷೆ ಬರೆದಿದ್ದು ಗಾಡಿ, ಫೇಲಾಗಿದ್ದು ನಾನು."

ವಾಹನ ತಪಾಸಣೆಯವನು ಎರಡು ತಪ್ಪು ಹಿಡಿದಿದ್ದ. ಒಂದು, ಕಪ್ಪು ಹೊಗೆ ಮಿತಿ ಮೀರಿದೆ. ಎರಡು, ಇಜಿಆರ್‌ಗೆ ಪ್ಲೇಟ್ ಹಾಕಿ ಮುಚ್ಚಿದ್ದಾರೆ. ಶುಕ್ರವಾರ ಸಂಜೆಯೊಳಗೆ ಎರಡೂ ಸರಿಯಾಗಬೇಕು, ಇಲ್ಲದಿದ್ದರೆ ವ್ಯಾನಿಗೆ ಮಕ್ಕಳನ್ನು ಹತ್ತಿಸುವಂತಿಲ್ಲ. ಶಾಲೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ಸೋಮವಾರ ವ್ಯಾನ್ ಬಾರದಿದ್ದರೆ ಆ ದಾರಿಯನ್ನು ದೊಡ್ಡ ಬಸ್ ಕಂಪನಿಗೆ ಕೊಟ್ಟುಬಿಡುತ್ತೇವೆ ಎಂದಿದ್ದರು. ಆ ದಾರಿ ಕೈ ತಪ್ಪಿದರೆ ಅಕ್ಕ ಬೇರೆ ಕೆಲಸ ಹುಡುಕಬೇಕು ಎಂದೇ ಅರ್ಥ.

ಇಜಿಆರ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಎಂಜಿನ್ ತಾನು ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಾನೇ ಮತ್ತೆ ಒಳಗೆ ಎಳೆದುಕೊಳ್ಳುವಂತೆ ಮಾಡುವ ಒಂದು ಪೈಪು, ಒಂದು ವಾಲ್ವು. ಹಾಗೆ ಮಾಡಿದರೆ ಒಳಗಿನ ಉರಿಯ ಕಾವು ಇಳಿಯುತ್ತದೆ, ಕಣ್ಣಿಗೆ ಕಾಣದ ವಿಷದ ಗಾಳಿ ಹೊರಗೆ ಕಡಿಮೆ ಹೋಗುತ್ತದೆ. ತೊಂದರೆ ಏನೆಂದರೆ ವಾಲ್ವಿಗೆ ಮಸಿ ಕಟ್ಟುತ್ತದೆ. ಮಸಿ ಕಟ್ಟಿ ತೆರೆದಂತೆಯೇ ನಿಂತರೆ ಗಾಡಿಗೆ ಎಳೆತ ಇರುವುದಿಲ್ಲ. ಆಗ ಜನ ಮಾಡುವ ಉಪಾಯ, ಪೈಪಿನ ಬಾಯಿಗೆ ಒಂದು ಉಕ್ಕಿನ ಪ್ಲೇಟ್ ಇಟ್ಟು ಮುಚ್ಚಿಬಿಡುವುದು. ನೆಗಡಿಗೆ ಮೂಗು ಕೊಯ್ದ ಹಾಗೆ.

ಈ ಕೆಲಸದಲ್ಲಿ ನಮ್ಮ ಮಾವ ಎತ್ತಿದ ಕೈ. ಊರಿನ ಡ್ರೈವರುಗಳು ಅವರನ್ನು ಕರೆಯುವುದೇ ಪ್ಲೇಟ್ ಮೇಸ್ತ್ರಿ ಎಂದು. ಗ್ಯಾರೇಜಿನ ಬಾಗಿಲ ಪಕ್ಕದ ಮೊಳೆಗೆ ಅಳತೆ ಅಳತೆಯ ಪ್ಲೇಟುಗಳನ್ನು ಕತ್ತರಿಸಿ ಪೋಣಿಸಿಟ್ಟಿದ್ದಾರೆ. ಅಕ್ಕನ ವ್ಯಾನಿಗೂ ಎರಡು ವರ್ಷದ ಕೆಳಗೆ ಅವರೇ ಹಾಕಿದ್ದು. ನಾನು ಆಗ ಬಾಣಂತಿ. ಪ್ಲೇಟ್ ಹಾಕಿದರೆ ಎದುರಿಗೆ ಎಂಜಿನ್ನಿನ ದೀಪ ಹತ್ತಿಕೊಳ್ಳುತ್ತದಲ್ಲ, ಅದರ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದ್ದರು.

"ಇಷ್ಟಕ್ಕೆಲ್ಲ ತಲೆ ಬಿಸಿ ಯಾಕಮ್ಮ?" ಎಂದು ಮಾವ ಅಕ್ಕನಿಗೆ ಸಮಾಧಾನ ಹೇಳಿದರು. "ಟೆಸ್ಟಿನ ದಿನ ಪ್ಲೇಟ್ ತೆಗಿಯೋದು, ಮಾರನೇ ದಿನ ಹಾಕೋದು. ಎಲ್ಲರೂ ಮಾಡೋದು ಇದನ್ನೇ."

"ನಾನು ಮಾಡಲ್ಲ," ಎಂದೆ.

"ಏನು ಮಾಡಲ್ಲ?"

"ಒಂದು ದಿನದ ಮಟ್ಟಿಗೆ ಒಳ್ಳೆಯವರಾಗೋ ಕೆಲಸ. ಪ್ಲೇಟ್ ತೆಗಿತೀನಿ, ವಾಲ್ವ್ ತೊಳಿತೀನಿ, ಮತ್ತೆ ಮುಚ್ಚಲ್ಲ. ಆ ಗಾಡಿ ಹಿಂದೆ ದಿನಾ ನಿಂತು ಕೈ ಬೀಸೋರು ಮಕ್ಕಳು, ಮಾವ."

"ಪ್ಲೇಟ್ ತೆಗೆದ್ರೆ ಅದು ಏರು ಹತ್ತಲ್ಲ. ಬರೆದಿಟ್ಕೋ."

"ಹತ್ತಿಸ್ತೀನಿ."

ಅವರು ನಕ್ಕರು. ಆ ನಗು ನನ್ನನ್ನು ಸುಡದೆ ಬಿಡಲಿಲ್ಲ. ಕಲಿಸಿದವರೇ ನಕ್ಕರೆ ಉರಿ ಹೆಚ್ಚು.

ಮಂಗಳವಾರ ಕೆಲಸಕ್ಕೆ ಇಳಿದೆ. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ಮಾವನದು ಯಾವಾಗಲೂ ಗಾಡಿಯ ಅಡಿಯ ಗುಂಡಿಗೆ ಇಳಿದು ಕೆಳಗಿನಿಂದ ಬಿಚ್ಚುವ ಪದ್ಧತಿ. ನನ್ನ ಕೈ ಸಣ್ಣದು, ನಾನು ಮುಚ್ಚಳ ಎತ್ತಿ ಮೇಲಿನಿಂದಲೇ ಹೋಗುತ್ತೇನೆ. ಗಾಳಿಯ ಪೈಪಿನ ಮೇಲಿನ ತುದಿ ಮಾತ್ರ ಬಿಚ್ಚಿ ಪಕ್ಕಕ್ಕೆ ಸರಿಸಿ, ಪ್ಲೇಟ್ ತೆಗೆದು, ವಾಲ್ವನ್ನು ಹೊರಗೆಳೆದೆ. ಮಸಿ ಕಾಡಿಗೆ ಡಬ್ಬಿಯಲ್ಲಿ ಒತ್ತಿ ತುಂಬಿದಂತೆ ಗಟ್ಟಿಯಾಗಿತ್ತು. ನೆನೆಹಾಕಿ, ಮರದ ಕಡ್ಡಿಯಿಂದ ಕೆರೆದು, ಗಂಡನ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕಿದೆ. ಅವನಿಗೆ ಹೊಸದು ಕೊಂಡುಕೊಟ್ಟೆ, ಹಳೆಯದು ಎಲ್ಲಿ ಹೋಯಿತೆಂದು ಹೇಳಲಿಲ್ಲ. ಸಂಜೆಯ ಹೊತ್ತಿಗೆ ವಾಲ್ವು ಬೆರಳಿನಿಂದ ಒತ್ತಿದರೆ ಇಳಿದು, ಬಿಟ್ಟರೆ ತಾನಾಗಿ ಏಳುತ್ತಿತ್ತು. ನನಗೆ ಕೂಸು ಹಾಲು ಕುಡಿದಷ್ಟು ತೃಪ್ತಿಯಾಯಿತು.

ಬುಧವಾರ ಎಲ್ಲ ಜೋಡಿಸಿ, ಅಕ್ಕನನ್ನು ಕೂರಿಸಿಕೊಂಡು ಆಸ್ಪತ್ರೆಯ ಏರಿಗೆ ಹೋದೆ. ಅರ್ಧ ಏರುವಷ್ಟರಲ್ಲಿ ವ್ಯಾನು ಏದುಸಿರು ಬಿಡತೊಡಗಿತು. ಹಿಂದೆ ನೋಡಿದರೆ ಹೊಗೆ ಕಪ್ಪಗೆ, ಮೊದಲಿನಷ್ಟೇ.

ಗ್ಯಾರೇಜಿನಲ್ಲಿ ಮಾವ ಕಾಯುತ್ತಿದ್ದರು. "ನಾನು ಹೇಳಿರಲಿಲ್ವಾ?" ಎಂದರು. ಅಷ್ಟೇ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊಳೆಯಿಂದ ಪ್ಲೇಟೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆದೆ. ಯಾರ ಮೇಲೂ ಅಲ್ಲ, ಟಯರಿನ ರಾಶಿಯ ಮೇಲೆ. ಅದು ಪುಟಿದು ನನ್ನ ಮೊಣಕಾಲಿಗೇ ಬಡಿಯಿತು.

"ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ," ಎಂದಳು ಅಕ್ಕ. "ಇಲ್ಲಿ ಮಾವ ಸೊಸೆ ಜಗಳದಲ್ಲಿ ನನ್ನ ಗಾಡಿ ಬಡವಾಗ್ತಿದೆ. ನಿನ್ನ ಹಠಕ್ಕೆ ನನ್ನ ಮಕ್ಕಳನ್ನ ಕಳ್ಕೊಳೋಕಾಗಲ್ಲ ಕಣೆ."

ನನ್ನ ಮಕ್ಕಳು ಎಂದಳು. ಆ ಹದಿನಾಲ್ಕೂ ಊರವರ ಮಕ್ಕಳು. "ನಾಳೆ ಒಂದು ದಿನ ಕೊಡು," ಎಂದೆ. "ನಾಳೆ ಸಂಜೆಯೊಳಗೆ ಸಿಗದಿದ್ರೆ ಮಾವ ಹೇಳಿದ ಹಾಗೇ ಮಾಡು, ನಾನು ಬಾಯಿ ಬಿಡಲ್ಲ."

ಯೋಚಿಸಿದೆ. ವಾಲ್ವು ಸರಿಯಿದೆ, ಹೊಗೆ ಹೋಗಿಲ್ಲ. ಹಾಗಾದರೆ ಹೊಗೆಗೆ ಕಾರಣ ವಾಲ್ವೂ ಅಲ್ಲ, ಪ್ಲೇಟೂ ಅಲ್ಲ. ಟರ್ಬೊ ಎಂಜಿನ್ನಿಗೆ ಒತ್ತಿ ಕಳಿಸುವ ಗಾಳಿ ದಾರಿಯಲ್ಲಿ ಎಲ್ಲೋ ಸೋರುತ್ತಿರಬೇಕು. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪಗೆ ಹೊರಗೆ ಬರುತ್ತದೆ. ಆದರೆ ನಿಂತ ಗಾಡಿಯಲ್ಲಿ ಪೈಪನ್ನೆಲ್ಲ ಮುಟ್ಟಿ ನೋಡಿದ್ದೆ, ಏನೂ ಕಂಡಿರಲಿಲ್ಲ. ಹಾಗಿದ್ದರೆ ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವ ಸೀಳು ಅದು. ಹದಿನಾಲ್ಕು ಮಕ್ಕಳ ಭಾರ ಹೇರಿಕೊಂಡು ಏರು ಹತ್ತುವಾಗ ಪಕ್ಕದಲ್ಲಿ ಕೂತು ಕೇಳಬೇಕು.

ಗುರುವಾರ ಗ್ಯಾರೇಜಿನ ಹಿಂದೆ ಮಾವ ಇಪ್ಪತ್ತು ವರ್ಷದಿಂದ ಬಿಸಾಡಲು ಬಿಡದ ಹಳೇ ಗೇರ್‌ಬಾಕ್ಸುಗಳನ್ನು ಒಂದೊಂದಾಗಿ ವ್ಯಾನಿಗೆ ಹೇರಿದೆ. ನೋಡುತ್ತ ನಿಂತಿದ್ದ ಮಾವ ಕೊನೆಗೆ ತಾವೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು.

"ನನ್ನ ತೂಕಾನೂ ಇರ್ಲಿ," ಎಂದರು. "ಸೋಲೋದನ್ನ ಕಣ್ಣಾರೆ ನೋಡ್ಬೇಕು."

"ಯಾರು ಸೋಲೋದನ್ನ?"

"ನೋಡೋಣ."

ಅಕ್ಕ ಎರಡನೇ ಗೇರಿನಲ್ಲಿ ಏರು ಹಿಡಿದಳು. ನಾನು ಎಂಜಿನ್ನಿನ ಮುಚ್ಚಳ ತೆಗೆದು ಮಂಡಿಯೂರಿ ಕೂತು, ಗಿಡಕ್ಕೆ ನೀರು ಬಿಡುವ ಪೈಪಿನ ತುಂಡೊಂದರ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಒಳಗೆ ಆಡಿಸುತ್ತಿದ್ದೆ. ಕಾವು ಮುಖಕ್ಕೆ ಹೊಡೆಯುತ್ತಿತ್ತು. ಮೇಲೆ ಏನಿಲ್ಲ. ಪಕ್ಕದಲ್ಲಿ ಏನಿಲ್ಲ. "ಇನ್ನೂ ಒತ್ತು!" ಎಂದು ಕೂಗಿದೆ. ಅಕ್ಕ ಒತ್ತಿದಳು. ಗಾಳಿಯ ಪೈಪಿನ ಕೆಳಗಿನ ಬಾಗಿನ ಹತ್ತಿರ ಆ ತುದಿ ತಂದಾಗ ಕಿವಿಯಲ್ಲಿ ಸುಸ್ಸೆಂದಿತು. ಅಕ್ಕ ಕಾಲು ಎತ್ತಿದಾಗ ನಿಂತಿತು. ಮತ್ತೆ ಒತ್ತಿದಳು, ಮತ್ತೆ ಸುಸ್ಸೆಂದಿತು.

"ನಿಲ್ಸು, ನಿಲ್ಸು! ಸಿಕ್ತು!"

ಅಕ್ಕ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದಳು. ಕಾವು ಇಳಿಯುವವರೆಗೆ ಕಾಯಲು ಹೇಳಿದಳು. ಕಾಯುವ ಜಾಯಮಾನ ನನ್ನದಲ್ಲ. ಬಟ್ಟೆ ಸುತ್ತಿಕೊಂಡು ಕೈಯನ್ನು ಭುಜದವರೆಗೆ ಇಳಿಸಿದೆ. ಗಾಳಿಯ ಪೈಪಿನ ಆ ಕೆಳಗಿನ ತುದಿಯಲ್ಲಿ ಅದನ್ನು ಬಿಗಿಹಿಡಿಯುವ ಕ್ಲಾಂಪ್ ಇರಬೇಕಿತ್ತು. ಬೆರಳಿಗೆ ಸಿಕ್ಕಿದ್ದು ತಂತಿ. ಮೂರು ಸುತ್ತು ಬಿಗಿದು, ತುದಿಯನ್ನು ಒಳಕ್ಕೆ ಮಡಚಿದ ತಂತಿ. ಅದು ಎರಡು ವರ್ಷದಲ್ಲಿ ರಬ್ಬರನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ಒಳಗೆ ಇಳಿದಿತ್ತು.

ಹಾಗೆ ತಂತಿ ಬಿಗಿಯುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ಕೈಗೆ ಕ್ಲಾಂಪ್ ಸಿಗದಿದ್ದರೆ ತಂತಿ ಸುತ್ತುವುದನ್ನು, ತುದಿ ಮಡಚುವುದನ್ನು ನನಗೂ ಅವರೇ ಕಲಿಸಿದ್ದು. "ನಾಳೆ ಇಲ್ಲಿಗೆ ಇನ್ನೊಬ್ಬರ ಕೈ ಬರುತ್ತೆ, ಚುಚ್ಚಬಾರದು" ಎಂದಿದ್ದರು. ಗುಂಡಿಯಲ್ಲಿ ನಿಂತು ಪ್ಲೇಟ್ ಹಾಕುವಾಗ ಆ ಪೈಪು ಅಡ್ಡ ಬಂದಿರುತ್ತದೆ, ಬಿಚ್ಚಿರುತ್ತಾರೆ, ಕ್ಲಾಂಪ್ ಮುರಿದಿರುತ್ತದೆ. ನಿಂತ ಗಾಡಿಯಲ್ಲಿ ತಂತಿ ಸಾಕಾಗಿಯೂ ಇತ್ತು. ಇಡೀ ವಾರ ಗೆಲ್ಲಬೇಕೆಂದು ಹಲ್ಲು ಕಚ್ಚಿದ್ದೆ. ಈಗ ಗೆಲುವು ಕೈಯಲ್ಲಿದೆ, ನನಗೆ ಬೇಡವಾಯಿತು.

"ಏನು ಸಿಕ್ತು?" ಹಿಂದಿನಿಂದ ಮಾವ ಕೇಳಿದರು.

"ಪೈಪು ಹಳೇದು ಮಾವ. ಸೀಳಿದೆ, ಅಷ್ಟೇ."

"ಬಿಚ್ಚಿ ಕೊಡು."

"ಗ್ಯಾರೇಜಿಗೆ ಹೋಗಿ..."

"ಬಿಚ್ಚಿ ಕೊಡಮ್ಮ. ಹಳೇ ಪೈಪಿಗೆ ನಿನ್ನ ಮುಖ ಹಾಗೆ ಸಣ್ಣಗಾಗಲ್ಲ."

ಬಿಚ್ಚಿ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಮಸಿ ಒರೆಸಿದರು. ಸೀಳನ್ನು ಅಗಲಿಸಿ ನೋಡಿದರು. ಗೇರ್‌ಬಾಕ್ಸುಗಳ ನಡುವೆ ಕೂತ ಅವರು ನನ್ನ ಕಣ್ಣಿಗೆ ಮೊದಲ ಸಲ ಮುದುಕರಂತೆ ಕಂಡರು.

"ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದಳು ಅಕ್ಕ.

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು. "ನಾನು."

ಅಕ್ಕ ಸ್ಟಿಯರಿಂಗ್ ತಿರುಗಿಸಿದಳು. ವ್ಯಾನು ಇಳಿಜಾರಿನಲ್ಲಿ ತಾನಾಗಿ ಗ್ಯಾರೇಜು ಸೇರಿತು. ಹೊಸ ಪೈಪನ್ನು ಮಾವನೇ ಹೋಗಿ ತಂದರು, ಗುಂಡಿಗಿಳಿದು ಎರಡೂ ತುದಿಗೆ ಹೊಸ ಕ್ಲಾಂಪ್ ಬಿಗಿದರು. ನಾನು ಮೇಲಿನಿಂದ ಕೈ ಚಾಚಿ ಬಿಗಿ ನೋಡಿದೆ. "ಸರಿ ಇದೆಯಾ?" ಎಂದು ಕೇಳಿದರು. ಹತ್ತು ವರ್ಷದಿಂದ ಆ ಪ್ರಶ್ನೆ ನನ್ನಿಂದ ಅವರಿಗೆ ಹೋಗುತ್ತಿತ್ತು.

ಶುಕ್ರವಾರ ತಪಾಸಣೆಯವನು ಹೊಗೆಕೊಳವೆಗೆ ಕಡ್ಡಿ ತೂರಿಸಿ ಅಕ್ಕನಿಗೆ ಒತ್ತಲು ಹೇಳಿದ. ಒಂದು ಸಲ, ಎರಡು ಸಲ, ಮೂರು ಸಲ. ಯಂತ್ರದಲ್ಲಿ ಬಂದ ಅಂಕಿ ಮಿತಿಯ ಅರ್ಧಕ್ಕೂ ಕೆಳಗಿತ್ತು. ಒಳಗೆ ಬಗ್ಗಿ ದೀಪದ ಮೇಲಿನ ಟೇಪನ್ನು ಉಗುರಿನಿಂದ ಕಿತ್ತ. ಕೀಲಿ ತಿರುಗಿಸಿದಾಗ ದೀಪ ಹತ್ತಿತು, ಎಂಜಿನ್ ಎದ್ದಾಗ ಆರಿತು. ಕಾಗದಕ್ಕೆ ಮುದ್ರೆ ಬಿತ್ತು. ಅಕ್ಕ ಅದನ್ನು ಎದೆಗೊತ್ತಿಕೊಂಡು ಅಲ್ಲೇ ಗಳಗಳನೆ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ನನಗೆ ಬೈದಳು, ಮೂರು ದಿನ ನಿದ್ದೆ ಕೆಡಿಸಿದ್ದಕ್ಕೆ.

ಶನಿವಾರ ನಾನು ಗ್ಯಾರೇಜಿಗೆ ಹೋದಾಗ ಮಾವ ಆಗಲೇ ಬಂದು, ಕುರ್ಚಿಯಲ್ಲಿ ನೆಟ್ಟಗೆ ಕೂತು ಫೋನು ಹಿಡಿದಿದ್ದರು. ಕೈಯಲ್ಲಿ ಚೀಟಿಯಿಲ್ಲ. ತಾವು ಮುಟ್ಟಿದ ಗಾಡಿಗಳೆಲ್ಲ ಅವರಿಗೆ ನೆನಪಿವೆ, ಓನರುಗಳ ಹೆಸರು ಮರೆತರೂ.

"ತರಕಾರಿ ಗಾಡಿಯವರಾ? ನಾನು ಪ್ಲೇಟ್ ಹಾಕಿಕೊಟ್ಟ ಮೇಸ್ತ್ರಿ. ನಿಮ್ಮ ಗಾಡೀಲಿ ನಾನೊಂದು ತಪ್ಪು ಮಾಡಿದೀನಿ. ತಗೊಂಡು ಬನ್ನಿ, ಪ್ಲೇಟ್ ತೆಗೆದು ಸರಿ ಮಾಡಿಕೊಡ್ತೀನಿ... ಚೆನ್ನಾಗಿ ಓಡ್ತಿದೆ ಅಂತ ನಿಮಗೆ ಅನ್ನಿಸ್ತಿದೆ ಸ್ವಾಮಿ. ನನಗೂ ಹಾಗೇ ಅನ್ನಿಸಿತ್ತು."

ಆ ಕಡೆಯಿಂದ ಏನು ಬೈಗುಳ ಬಂತೋ, ಫೋನು ಕಟ್ಟಾಯಿತು. ನಾನು ಹತ್ತಿರ ಹೋಗಿ, "ಸಾಕು ಬಿಡಿ ಮಾವ, ಬಂದವರಿಗೆ ಮಾಡಿಕೊಟ್ರಾಯ್ತು" ಎಂದೆ.

"ನಿಂಗೆ ಕೆಲಸ ಇಲ್ವಾ?" ಎಂದರು ಮಾವ, ಮತ್ತೆ ಅದೇ ನಂಬರನ್ನು ಒತ್ತಿದರು.